ಗೋಣಿಕೊಪ್ಪಲಿನ ಒಂದು ಔಷಧಿ ಅಂಗಡಿ: ಹೃದಯದ ಮಾತ್ರೆ ಸೇವಿಸುವವರ ಮನೆಯವರಿಗಾಗಿ

ಗೋಣಿಕೊಪ್ಪಲಿನ ಮುಖ್ಯ ರಸ್ತೆಯಲ್ಲಿರುವ ಈ ಅಂಗಡಿಯನ್ನು ನಾನು ಮೆಚ್ಚುವುದು ರಿಯಾಯಿತಿಗಾಗಿ ಅಲ್ಲ. ಇಲ್ಲಿನ ಫಾರ್ಮಸಿಸ್ಟ್ ಹೊಸ ಚೀಟಿಯನ್ನು ಹಳೆಯ ಚೀಟಿಯ ಜೊತೆಗಿಟ್ಟು ಓದುತ್ತಾರೆ.

ಹೃದಯದ ಲಯ ತಪ್ಪುವ ತೊಂದರೆಗಾಗಿ ನನ್ನ ತಂದೆಯವರಿಗೆ ಮೈಸೂರಿನ ತಜ್ಞರು ಸೊಟಲಾಲ್ ಎಂಬ ಬೀಟಾ ಬ್ಲಾಕರ್ (ಹೃದಯ ಬಡಿತ ತಗ್ಗಿಸುವ ಬಗೆಯ ಮಾತ್ರೆ) ಬರೆದಿದ್ದಾರೆ. ಈ ಮಳೆಗಾಲದಲ್ಲಿ ಕೆಮ್ಮು ಜ್ವರ ಬಂದಾಗ ಬೇರೊಂದು ಕಡೆ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್ ಬರೆದುಕೊಟ್ಟರು. “ಅಕ್ಕ, ಅಪ್ಪ ದಿನಾ ಯಾವ ಮಾತ್ರೆ ತಗೊಳ್ತಾರೆ?” ಎಂದು ವಿಚಾರಿಸಿದ ಫಾರ್ಮಸಿಸ್ಟ್, ಸೊಟಲಾಲ್ ಹೆಸರು ಕೇಳಿದೊಡನೆ ಚೀಟಿ ಬರೆದ ವೈದ್ಯರಿಗೆ ಫೋನ್ ಮಾಡಿದರು. ವೈದ್ಯರೂ ಒಪ್ಪಿ ಇನ್ನೊಂದು ಆಂಟಿಬಯಾಟಿಕ್ ಆದ ಅಮಾಕ್ಸಿಸಿಲಿನ್‌ಗೆ ಬದಲಿಸಿದರು.

ಬೀಟಾ ಬ್ಲಾಕರ್ ಬಡಿತವನ್ನು ತಗ್ಗಿಸುವುದರಿಂದ, ಬೇರೆ ಔಷಧಿಯಿಂದ ಲಯ ಕೆಟ್ಟರೂ ಅದು ಕಾಪಾಡುತ್ತದೆ ಎಂದು ನಂಬುವವರು ಅನೇಕರಿದ್ದಾರೆ. ಥಿಯೋಫಿಲಿನ್‌ನಂತಹ ಉಬ್ಬಸದ ಔಷಧಿ ಮಿತಿಮೀರಿ ಬಡಿತ ಏರಿದಾಗ ಬೀಟಾ ಬ್ಲಾಕರ್ ವೇಗವನ್ನು ಇಳಿಸಬಲ್ಲದು ನಿಜ, ಆದರೆ ಪ್ರೊಪ್ರನೊಲಾಲ್‌ನಂತಹ ಬೀಟಾ ಬ್ಲಾಕರ್ ಉಬ್ಬಸದವರ ಶ್ವಾಸನಾಳವನ್ನೇ ಬಿಗಿಗೊಳಿಸಬಹುದು. ಅಜಿತ್ರೊಮೈಸಿನ್‌ನ ವಿಷಯವೇ ಬೇರೆ. ಪ್ರತಿ ಬಡಿತದ ನಂತರ ಹೃದಯದ ಕೋಶಗಳು ಮುಂದಿನ ಬಡಿತಕ್ಕೆ ಸಿದ್ಧಗೊಳ್ಳಲು ಹಿಡಿಯುವ ಕಾಲವನ್ನು ಅದು ಹೆಚ್ಚಿಸಬಲ್ಲದು. ಇಸಿಜಿಯಲ್ಲಿ ಇದು ಕ್ಯೂಟಿ ಅವಧಿಯ ಹೆಚ್ಚಳವಾಗಿ ಕಾಣುತ್ತದೆ. ಹೀಗಾದವರಲ್ಲಿ ಬಡಿತ ನಿಧಾನವಾದಷ್ಟೂ ಟಾರ್ಸಾಡ್ಸ್ ಎಂಬ ಪ್ರಾಣಾಪಾಯದ ಲಯ ಹುಟ್ಟುವ ಸಂಭವ ಹೆಚ್ಚುತ್ತದೆ. ಸೊಟಲಾಲ್ ಬಡಿತವನ್ನು ನಿಧಾನಗೊಳಿಸುವುದಷ್ಟೇ ಅಲ್ಲದೆ, ಮೆಟೊಪ್ರೊಲಾಲ್‌ನಂತಹ ಬೀಟಾ ಬ್ಲಾಕರ್ ಮಾಡದ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ಕೋಶಗಳಿಂದ ಪೊಟ್ಯಾಸಿಯಂ ಹೊರಹೋಗುವ ದಾರಿಯನ್ನು ತಡೆದು ಆ ಅವಧಿಯನ್ನು ತಾನೂ ಹಿಗ್ಗಿಸುತ್ತದೆ. ಹುಟ್ಟಿನಿಂದಲೇ ಕ್ಯೂಟಿ ದೀರ್ಘವಾಗಿರುವ ಅನೇಕರಿಗೆ ಬೀಟಾ ಬ್ಲಾಕರ್ ರಕ್ಷಣೆಯಾದರೆ, ಔಷಧಿಯಿಂದ ಟಾರ್ಸಾಡ್ಸ್ ಬಂದವರಿಗೆ ವೈದ್ಯರು ಮೆಗ್ನೀಸಿಯಂ ಕೊಟ್ಟು, ಅಗತ್ಯಬಿದ್ದರೆ ಬಡಿತವನ್ನೇ ವೇಗಗೊಳಿಸುತ್ತಾರೆ. ಒಂದೇ ಬಗೆಯ ಮಾತ್ರೆ ಒಬ್ಬರಿಗೆ ಆಸರೆ, ಇನ್ನೊಬ್ಬರಿಗೆ ಅಪಾಯ ಎಂಬುದನ್ನು ಔಷಧಿ ಕೊಡುವವರು ತಿಳಿದಿರುವುದು ಎಷ್ಟು ಮುಖ್ಯವೆಂದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ವಾಂತಿಭೇದಿಯಾದರೆ ಪೊಟ್ಯಾಸಿಯಂ ಇಳಿದು ಅಪಾಯ ಹೆಚ್ಚುತ್ತದೆ, ಆದ್ದರಿಂದ ತಡಮಾಡದೆ ವೈದ್ಯರಿಗೆ ತಿಳಿಸಿ ಎಂದೂ ಫಾರ್ಮಸಿಸ್ಟ್ ಹೇಳಿದರು. ಸೊಟಲಾಲ್ ಹೊರಹೋಗುವುದು ಮೂತ್ರಪಿಂಡದ ಮೂಲಕವಾದ್ದರಿಂದ, ವಯಸ್ಸಾದವರಲ್ಲಿ ಮೂತ್ರಪಿಂಡದ ಕೆಲಸವನ್ನು ತೋರಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮರೆಯಬಾರದು.

ಸಂಜೆ ಜನಸಂದಣಿ ಹೆಚ್ಚು, ಕಾಯಬೇಕಾಗುತ್ತದೆ. ಸೊಟಲಾಲ್ ಸದಾ ದಾಸ್ತಾನಿನಲ್ಲಿರುವುದಿಲ್ಲ, ಮೈಸೂರಿನಿಂದ ತರಿಸಿಕೊಡುತ್ತಾರೆ. ಈ ಮಾತ್ರೆಯನ್ನು ತಟ್ಟನೆ ನಿಲ್ಲಿಸುವಂತಿಲ್ಲವಾದ್ದರಿಂದ, ಸ್ಟ್ರಿಪ್ ಮುಗಿಯುವುದಕ್ಕೆ ಒಂದು ವಾರ ಮೊದಲೇ ಹೇಳಿಡುವುದು ಒಳ್ಳೆಯದು.