ವಾಷರ್ ಡ್ರೈಯರ್ ಬಟ್ಟೆ ಒಣಗಿಸುತ್ತಿಲ್ಲವಾ? ಬೋರ್ಡ್ ಬಿಚ್ಚಿಕೊಡುವ ಮೊದಲು ಪೈಪ್ ಬಿಚ್ಚಿ ನೋಡಿ

ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ಜಾಲರಿ ಕಟ್ಟಿಕೊಂಡಿದ್ದಕ್ಕೆ ನಾನು 4,000 ರೂಪಾಯಿ ಕಳೆದುಕೊಂಡೆ. ನಿಮ್ಮ ಮನೆಯಲ್ಲೂ ಒಗೆದು ಒಣಗಿಸುವ ವಾಷರ್ ಡ್ರೈಯರ್ ಇದ್ದು, ಬೋರ್ ನೀರೋ ಟ್ಯಾಂಕರ್ ನೀರೋ ಬರುತ್ತಿದ್ದರೆ ಇದನ್ನು ಓದಿ.

ನಾವಿರುವುದು ಬೆಂಗಳೂರಿನಲ್ಲಿ, ನಾಲ್ಕನೇ ಮಹಡಿ. 2024ರ ಬೇಸಿಗೆಯಲ್ಲಿ ಅಪಾರ್ಟ್‌ಮೆಂಟಿನ ಬೋರ್ ಬತ್ತಿತು. ಆಮೇಲೆ ನೆಲದಡಿಯ ಸಂಪ್‌ಗೆ ಬರುವುದು ಹೆಚ್ಚಾಗಿ ಟ್ಯಾಂಕರ್ ನೀರೇ. ಕೆಲವು ದಿನ ಬಕೆಟ್ಟಿನ ತಳದಲ್ಲಿ ಕೆಂಪು ಮಣ್ಣು ಕಾಣುತ್ತಿತ್ತು. ಮಷಿನ್ನಿಗೂ ಅದೇ ನೀರು ಹೋಗುತ್ತಿದೆ ಅಂತ ನಾನು ಯೋಚಿಸಲೇ ಇಲ್ಲ.

ಮೊದಮೊದಲು ಬೆಳಗ್ಗೆ ಬಟ್ಟೆ ಹಾಕಿದರೆ ಮಷಿನ್ನಿನ ಪರದೆಯಲ್ಲಿ, ನೀರು ಬರುತ್ತಿಲ್ಲ ಅಂತ ನಲ್ಲಿ ಚಿತ್ರ ಮಿಣಮಿಣ ಅನ್ನುತ್ತಿತ್ತು. ಮತ್ತೆ ಸ್ಟಾರ್ಟ್ ಒತ್ತಿದರೆ ಓಡುತ್ತಿತ್ತು. ಸುಮ್ನೆ ಬಿಟ್ಟೆ. ಒಂದು ತಿಂಗಳಲ್ಲಿ ಒಣಗಿಸುವುದೂ ಕೆಟ್ಟಿತು. ಮೂರು ಗಂಟೆ ತಿರುಗಿದ ಮೇಲೂ ಬಟ್ಟೆ ಬಿಸಿ ಬಿಸಿ, ಒದ್ದೆ ಒದ್ದೆ. ಬನಿಯನ್ ಹಿಂಡಿದರೆ ನೀರು ಬರುವುದೊಂದು ಬಾಕಿ.

ವಾರಂಟಿ ಮುಗಿದಿತ್ತು. ಕಂಪನಿಯವರು ಬರೋಕೆ ನಾಲ್ಕು ದಿನ ಅಂದರು. ನಾನು ಅವಸರಕ್ಕೆ ಬಿದ್ದು ಫೋನಿನಲ್ಲಿ ಹುಡುಕಿ, ಮೊದಲು ಕಂಡ ನಂಬರಿಗೆ ಕರೆ ಮಾಡಿದೆ. ಗಂಟೆಯೊಳಗೆ ಇಬ್ಬರು ಹುಡುಗರು ಬಂದರು. ನಲ್ಲಿ ಕಡೆ ತಿರುಗಿಯೂ ನೋಡಲಿಲ್ಲ. ಮೇಲಿನ ಮುಚ್ಚಳ ತೆಗೆದು, ಮೀಟರ್ ಇಟ್ಟು, "ಬೋರ್ಡ್ ಹೋಗಿದೆ ಮೇಡಂ, 8,500 ಆಗುತ್ತೆ" ಅಂದರು. ನೀರಿನ ತೊಂದರೆ ಇರಬಹುದಾ ಅಂದೆ. "ಒಣಗಿಸೋಕೆ ನೀರು ಯಾಕೆ ಮೇಡಂ?" ಅಂತ ನಕ್ಕರು. ನನಗೂ ಹೌದಲ್ವಾ ಅನ್ನಿಸಿತು. 4,000 ಅಡ್ವಾನ್ಸ್ ಕೊಟ್ಟೆ. ಬೋರ್ಡ್ ತೆಗೆದುಕೊಂಡು ಹೋದರು.

ನಿಜ ಏನೆಂದರೆ, ಇಂಥ ಬಹಳಷ್ಟು ಮಷಿನ್ನುಗಳಿಗೆ ಒಣಗಿಸೋಕೂ ನೀರು ಬೇಕು. ಅನ್ನದ ಪಾತ್ರೆಯ ಮೇಲೆ ತಣ್ಣೀರಿನ ತಟ್ಟೆ ಮುಚ್ಚಿದರೆ ತಟ್ಟೆಯ ಅಡಿಯಲ್ಲಿ ಹಬೆ ಹನಿಯಾಗುತ್ತದೆ ನೋಡಿ, ಇಲ್ಲಿ ನಡೆಯುವುದೂ ಅದೇ. ಬಿಸಿ ಗಾಳಿ ಬಟ್ಟೆಯ ಒದ್ದೆಯನ್ನು ಹಬೆ ಮಾಡುತ್ತದೆ. ಸಣ್ಣಗೆ ಹರಿಯುವ ತಣ್ಣೀರು ಆ ಹಬೆಯನ್ನು ಹನಿ ಮಾಡಿ ಹೊರಗೆ ಕಳಿಸುತ್ತದೆ. ತಣ್ಣೀರು ಬರದಿದ್ದರೆ ಹಬೆ ಒಳಗೇ ಸುತ್ತುತ್ತದೆ. ಹೀಟ್ ಪಂಪ್ ಇರುವಂಥ ಕೆಲವು ಮಾದರಿಗಳಿಗೆ ಈ ನೀರು ಬೇಡ.

ಬೋರ್ಡ್ ಒಯ್ದ ಹುಡುಗರು ಹನ್ನೊಂದು ದಿನ ಫೋನ್ ಎತ್ತಲಿಲ್ಲ. ಕೊನೆಗೆ ಬಂದು "ಹೊಸ ಬೋರ್ಡ್" ಹಾಕಿದರು. ಬಟ್ಟೆ ಮಾತ್ರ ಅದೇ ಒದ್ದೆ. ಹೀಟರೂ ಹೋಗಿದೆ ಅಂತ ಹೊಸ ರಾಗ ಶುರು ಮಾಡಿದರು. ಮೊದಲ ದಿನ ಅಣ್ಣನಿಗೆ ಕಳಿಸೋಣ ಅಂತ ಬೋರ್ಡಿನ ಫೋಟೊ ತೆಗೆದಿದ್ದೆ. ತಾಳೆ ನೋಡಿದರೆ ಸ್ಟಿಕರಿನ ನಂಬರ್ ಒಂದೇ! ನಮ್ಮದೇ ಬೋರ್ಡನ್ನು ಒರೆಸಿ ತಂದಿದ್ದರು. ಫೋಟೊ ತೋರಿಸಿದೆ. ಉಳಿದ ದುಡ್ಡು ಕೇಳದೆ ಜಾಗ ಖಾಲಿ ಮಾಡಿದರು.

ಸಂಜೆ ಸಿಂಕ್ ರಿಪೇರಿಗೆ ಬಂದಿದ್ದ ಪ್ಲಂಬರ್ ಅಣ್ಣ "ಅಕ್ಕಾ, ಒಂದು ಬಕೆಟ್ ಕೊಡಿ" ಅಂದರು. ಮಷಿನ್ ಪ್ಲಗ್ ತೆಗೆದು, ನಲ್ಲಿ ನಿಲ್ಲಿಸಿ, ಹಿಂದೆ ನೀರು ಒಳಗೆ ಹೋಗುವ ಇನ್ಲೆಟ್ ಪೈಪನ್ನು ಮಷಿನ್ನಿನಿಂದ ಬಿಚ್ಚಿದರು. ಪೈಪಿನ ತುದಿ ಬಕೆಟ್ಟಿಗೆ ಬಿಟ್ಟು ನಲ್ಲಿ ತಿರುಗಿಸಿದರು. ನಿಮಿಷದಲ್ಲಿ 10 ಲೀಟರ್ ತುಂಬಿತು. ಅಂದರೆ ನಲ್ಲಿ, ಪೈಪ್ ಎರಡೂ ಸರಿ, ತೊಂದರೆ ಮಷಿನ್ನಿನ ಬಾಯಲ್ಲಿ. ಆ ಬಾಯಲ್ಲೇ ಇತ್ತು ಜಾಲರಿ. ನೋಸ್ ಪ್ಲೇಯರಿನಲ್ಲಿ ಮೆಲ್ಲಗೆ ಎಳೆದರು. ಕೆಂಪು ಮಣ್ಣು, ಬಿಳಿ ಉಪ್ಪಿನ ಚಕ್ಕೆ, ಟೆಫ್ಲಾನ್ ಟೇಪಿನ ಎಳೆ ಸೇರಿ ರೊಟ್ಟಿಯ ಹಾಗೆ ಕಟ್ಟಿತ್ತು. ಬೆಳಕಿಗೆ ಹಿಡಿದರೆ ಮೂರೋ ನಾಲ್ಕೋ ತೂತು ಕಂಡವು.

ಅರ್ಧ ಗಂಟೆ ವಿನೆಗರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಆ ರಾತ್ರಿಯೇ ಬಟ್ಟೆ ಗರಿಗರಿ ಒಣಗಿತು. ಪ್ಲಂಬರ್ ಅಣ್ಣ ತೆಗೆದುಕೊಂಡದ್ದು 150 ರೂಪಾಯಿ.

ಪೈಪ್ ವಾಪಸ್ ಹಾಕುವಾಗ ರಬ್ಬರ್ ವಾಷರ್ ಒಳಗಿದೆಯಾ ನೋಡಿಕೊಳ್ಳಿ. ಕೈಯಲ್ಲೇ ಬಿಗಿ ಮಾಡಿ. ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಥ್ರೆಡ್ ಸೀಳುತ್ತದೆ. ಜಾಲರಿ ಬಿಸಾಕಿಬಿಡಿ ಅಂತ ಹೇಳುವವರೂ ಇದ್ದಾರೆ, ಕೇಳಬೇಡಿ. ಮರಳು ಒಳಗೆ ಹೋಗಿ, ನೀರು ಬಿಟ್ಟು ನಿಲ್ಲಿಸುವ ವಾಲ್ವಿಗೆ ಸಿಕ್ಕಿಕೊಂಡರೆ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಮಷಿನ್ ಆಫ್ ಇದ್ದರೂ ನೀರು ಒಳಗೆ ತುಂಬುತ್ತಲೇ ಇರುತ್ತದೆ.

ಬಕೆಟ್ಟೇ ನಿಧಾನ ತುಂಬಿದರೆ ಜಾಲರಿಯ ತಪ್ಪಲ್ಲ. ನಲ್ಲಿ ಕಟ್ಟಿರಬಹುದು, ಪೈಪ್ ಗೋಡೆಗೆ ಒತ್ತಿ ಮಡಚಿಕೊಂಡಿರಬಹುದು, ಅಥವಾ ಟ್ಯಾಂಕಿನ ಎತ್ತರವೇ ಸಾಲದಿರಬಹುದು. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಟ್ಯಾಂಕಿನ ಕೆಳಗಿನ ಮನೆಗೆ 3 ಮೀಟರ್ ಸಿಕ್ಕರೆ 0.3 ಬಾರ್ ಅಷ್ಟೆ. 0.5 ಬಾರ್ ಕೇಳುವ ಮಷಿನ್ನುಗಳೂ ಇವೆ. ಮ್ಯಾನುಯಲ್ಲಿನಲ್ಲಿ ಬರೆದಿರುತ್ತದೆ, ನೋಡಿ. ಸಾಲದಿದ್ದರೆ ಪ್ರೆಶರ್ ಪಂಪ್ ಹಾಕಿಸಬೇಕು.

ದುಡ್ಡಿನ ಬಗ್ಗೆ ಗ್ರಾಹಕರ ಸಹಾಯವಾಣಿ 1915ಕ್ಕೂ ಕರೆ ಮಾಡಿದೆ. ಯಾರ ಮೇಲೆ ದೂರು, ಬಿಲ್ ಇದೆಯಾ ಅಂತ ಕೇಳಿದರು. ನನ್ನ ಹತ್ತಿರ ಇದ್ದದ್ದು ಒಂದು ಮೊಬೈಲ್ ನಂಬರ್, ಅದೂ ಅಷ್ಟರಲ್ಲಿ ಸ್ವಿಚ್ ಆಫ್.