ಏಳು, ಎಂಟು, ಒಂಬತ್ತು: ಮೂರು ಫೈನಲ್ ಫ್ಯಾಂಟಸಿನೂ ಮತ್ತೆ ಆಡಿದ್ಮೇಲೆ

ಹೋದ ವರ್ಷ ಯುಗಾದಿ ಮುಗಿದ್ಮೇಲೆ ಶುರು ಮಾಡಿ ದೀಪಾವಳಿ ಹೊತ್ತಿಗೆ ಮುಗಿಸ್ದೆ, ಫೈನಲ್ ಫ್ಯಾಂಟಸಿ ಅನ್ನೋ ವಿಡಿಯೋ ಗೇಮ್ ಸರಣಿಯ ಏಳು, ಎಂಟು, ಒಂಬತ್ತು, ಒಂದಾದ್ಮೇಲೆ ಒಂದು, ಮೂರನ್ನೂ ಮೊದಲಿಂದ ಕೊನೆವರೆಗೆ. ಅಕ್ಕನ ಮಗಳಿಗೆ ಈಗ ಹನ್ನೆರಡು, "ಮಾಮ ನೀನು ಚಿಕ್ಕೋನಿದ್ದಾಗ ಆಡ್ತಿದ್ದಿದ್ದು ಯಾವ್ದೋ ಹೇಳ್ತಿದ್ಯಲ್ಲ, ನಂಗೂ ಕೊಡು" ಅಂದ್ಳು, ಮೂರರಲ್ಲಿ ಯಾವ್ದನ್ನ ಮೊದ್ಲು ಕೊಡ್ಲಿ ಅಂತ ಯೋಚಿಸ್ತಾ ಕೂತಾಗ ನೆನಪಿನ ಮೇಲೆ ತೀರ್ಮಾನ ಮಾಡೋದು ಬೇಡ, ಮತ್ತೆ ಆಡೇ ನೋಡೋಣ ಅನ್ನಿಸ್ತು. ಕಥೆಯ ಗುಟ್ಟುಗಳನ್ನ ಕೆಳಗೆ ಬಿಚ್ಚಿಟ್ಟಿದ್ದೀನಿ, ಇನ್ನೂ ಆಡಿಲ್ದೇ ಇರೋರು ಆಡಿ ಬಂದು ಓದಿ.

ನಾನು ಮೊದ್ಲು ಇವನ್ನ ನೋಡಿದ್ದು 2001ರ ಬೇಸಿಗೆ ರಜದಲ್ಲಿ, ದೊಡ್ಡಪ್ಪನ ಮನೇಲಿ. ಅಣ್ಣನ ಹತ್ರ ಪ್ಲೇಸ್ಟೇಷನ್ ಇತ್ತು, ಮೂರು ಗೇಮೂ ಇತ್ತು, ಆದ್ರೆ ಮೆಮೊರಿ ಕಾರ್ಡ್ ಒಂದೇ. ಹದಿನೈದು ಬ್ಲಾಕು, ಅದರಲ್ಲಿ ನಂಗೆ ಅಂತ ಕೊಟ್ಟಿದ್ದು ಎರಡು. ಸೇವ್ ಪಾಯಿಂಟ್ ಸಿಗೋವರೆಗೆ ಸೇವ್ ಮಾಡೋಕಾಗಲ್ಲ, ಮಧ್ಯಾಹ್ನ ಕರೆಂಟ್ ಹೋಯ್ತು ಅಂದ್ರೆ ಎರಡು ಗಂಟೆ ಆಡಿದ್ದು ನೀರಲ್ಲಿ ಹೋಮ, ಹಾಗಾಗಿ ಆ ಸೇವ್ ಪಾಯಿಂಟ್ ಕಂಡಾಗ ಆಗ್ತಿದ್ದ ಖುಷಿ ಈಗಿನ ಆಟೋಸೇವ್ ಗೇಮುಗಳಲ್ಲಿ ಬರೋದೇ ಇಲ್ಲ. ಇಂಗ್ಲಿಷ್ ನಂಗೆ ಅರ್ಧಂಬರ್ಧ ಬರ್ತಿತ್ತು, ಡಿಕ್ಷನರಿ ಪಕ್ಕದಲ್ಲಿಟ್ಕೊಂಡು ಒಂದೊಂದೇ ಡಬ್ಬಿ ಮಾತು ಓದ್ತಿದ್ದೆ. ಅಣ್ಣ ಹಿಂದೆ ಕೂತು "ಶಿವನ್ನ ಕರಿ, ಶಿವನ್ನ ಕರಿ" ಅಂತ ಕೂಗ್ತಿದ್ರೆ ಅಡುಗೆ ಮನೆಯಿಂದ ಅಜ್ಜಿ ಬಂದು ಇಣುಕಿ ನೋಡಿದ್ರು, ಟಿವೀಲಿ ನೀಲಿ ಮೈಯ ಹೆಣ್ಣೊಬ್ಬಳು ಹಿಮ ಸುರಿಸ್ತಿದ್ಳು. ಈ ಸರಣಿಯಲ್ಲಿ ಶಿವ ಅಂದ್ರೆ ಫೈಟಲ್ಲಿ ಸಹಾಯಕ್ಕೆ ಕರೆಯೋ ಹಿಮದ ದೇವತೆ, 1990ರಲ್ಲಿ ಬಂದ ಮೂರನೇ ಭಾಗದಿಂದಲೂ ಹಾಗೇ. ಅಜ್ಜಿ ಸ್ವಲ್ಪ ಹೊತ್ತು ನೋಡಿ, ಕೈಲಾಸದ ಚಳಿ ಇರ್ಬೇಕು ಬಿಡು ಅಂದು ಒಳಗೆ ಹೋದ್ರು.

ಗೊತ್ತಿಲ್ದೇ ಇರೋರಿಗೆ ಎರಡು ಮಾತು. ಜಪಾನಿನ ಸ್ಕ್ವೇರ್ ಕಂಪನಿ, ಹಿರೊನೊಬು ಸಕಾಗುಚಿ ಶುರು ಮಾಡಿದ ಸರಣಿ ಇದು, ಮೊದಲನೇದು ಬಂದಿದ್ದು 1987ರ ಡಿಸೆಂಬರಲ್ಲಿ, ಹದಿನಾರನೇದು 2023ರಲ್ಲಿ. ಒಂದೊಂದು ನಂಬರಿಗೂ ಬೇರೆ ಲೋಕ, ಬೇರೆ ಜನ, ಹಿಂದಿನದು ಆಡಿರಲೇಬೇಕು ಅಂತೇನಿಲ್ಲ. ಆರನೇದರ ತನಕ ನಿಂಟೆಂಡೊ ಕಾರ್ಟ್ರಿಡ್ಜಲ್ಲಿ ಬರ್ತಿತ್ತು, ಏಳಕ್ಕೆ ಅಷ್ಟು ಜಾಗ ಸಾಲಲ್ಲ ಅಂತ ಸೋನಿಯ ಸಿಡಿಗೆ ಹೋದ್ರು. ಏಳು 1997, ಮೂರು ಡಿಸ್ಕು. ಎಂಟು 1999, ಒಂಬತ್ತು 2000, ಎರಡೂ ನಾಲ್ಕು ನಾಲ್ಕು ಡಿಸ್ಕು. ಮೂರಕ್ಕೂ ಸಂಗೀತ ನೊಬುವೊ ಉಎಮಾತ್ಸು ಅವರದೇ.

ಸರಿ, ಏಳು. ಮಿಡ್‌ಗಾರ್ ಅನ್ನೋ ಊರಲ್ಲಿ ಶುರು ಆಗುತ್ತೆ, ಭೂಮಿಯ ಜೀವಶಕ್ತಿಯನ್ನೇ ಹೀರಿ ಕರೆಂಟ್ ಮಾಡೋ ಕಂಪನಿ, ಮೇಲೆ ಕಬ್ಬಿಣದ ತಟ್ಟೆ ಮೇಲೆ ಉಳ್ಳವರ ಊರು, ಕೆಳಗೆ ಬಿಸಿಲೇ ಬೀಳದ ಕೊಳೆಗೇರಿ. ಮೊದಲ ಐದಾರು ಗಂಟೆ ಇಲ್ಲೇ ಕಳೆಯುತ್ತೆ, ಆ ಐದಾರು ಗಂಟೆ ಇವತ್ತಿಗೂ ಒಂದು ಚೂರೂ ಬೋರ್ ಆಗ್ಲಿಲ್ಲ ನಂಗೆ, ಗೊಂಬೆ ಥರ ಚೌಕ ಕೈಕಾಲಿನ ಮನುಷ್ಯರು ಇದ್ರೂನೂ. ನಾನು ಅಂದ್ಕೊಂಡಿದ್ದು ಮೂರರಲ್ಲಿ ಇದೇ ಜಾಸ್ತಿ ಹಳತಾಗಿ ಕಾಣುತ್ತೆ ಅಂತ, ಆದ್ರೆ ಓಟದಲ್ಲಿ ಇದೇ ಮುಂದೆ. ಫೈಟ್ ಬೇಗ ಶುರು ಆಗುತ್ತೆ ಬೇಗ ಮುಗಿಯುತ್ತೆ, ಕಥೆ ಎಲ್ಲೂ ನಿಲ್ಲಲ್ಲ.

ಇದರ ಮುಖ್ಯ ವಿಷಯ ಮೆಟೀರಿಯಾ. ಬಣ್ಣದ ಗೋಲಿ ಥರ ಇರುತ್ತೆ, ಕತ್ತಿಯಲ್ಲಿ ಬಳೆಯಲ್ಲಿ ಇರೋ ತೂತಿಗೆ ಕೂರಿಸಿದ್ರೆ ಬೆಂಕಿ, ಮಿಂಚು, ಗಾಯ ವಾಸಿ ಮಾಡೋದು, ಎಲ್ಲ ಬರುತ್ತೆ, ತೆಗೆದು ಇನ್ನೊಬ್ಬರಿಗೆ ಹಾಕಿದ್ರೆ ಅವರಿಗೆ ಬರುತ್ತೆ. ಅಂದ್ರೆ ಯಾರು ಬೇಕಾದ್ರೂ ಏನು ಬೇಕಾದ್ರೂ ಆಗ್ಬಹುದು. ಇಷ್ಟು ಸರಾಗವಾಗಿ ಆಟ ಆಡಿಸೋ ವ್ಯವಸ್ಥೆ ಮಿಕ್ಕ ಎರಡರಲ್ಲಿ ಇಲ್ಲ, ಇದನ್ನ ಒಪ್ಕೊಳ್ಳೇಬೇಕು. ತೊಂದರೆ ಅಂದ್ರೆ ಜನ ಎಲ್ಲ ಒಂದೇ ಥರ ಆಗ್ಬಿಡ್ತಾರೆ, ಟೀಮಲ್ಲಿ ಬ್ಯಾರೆಟ್ ಇದ್ರೂ ಒಂದೇ ಟಿಫಾ ಇದ್ರೂ ಒಂದೇ, ಲಿಮಿಟ್ ಬ್ರೇಕ್ (ಪೆಟ್ಟು ತಿಂದು ತಿಂದು ತುಂಬಿದಾಗ ಬರೋ, ಅವರವರದೇ ಆದ ವಿಶೇಷ ಶಕ್ತಿ) ಒಂದು ಬಿಟ್ರೆ.

ಆದ್ರೆ ಟೀಮಲ್ಲಿರೋ ಏರಿತ್ ಅನ್ನೋ ಹುಡುಗಿ ಹಾಗಲ್ಲ. ಹಳೆ ಡಿಸ್ಕಲ್ಲಿ ಏರಿಸ್ ಅಂತ ಇತ್ತು ಹೆಸರು. ಅವಳ ಲಿಮಿಟ್‌ಗಳು ಹೊಡೆಯೋದಲ್ಲ, ಕಾಯೋದು, ಟೀಮಿನ ಎಲ್ಲರ ಗಾಯ ವಾಸಿ ಮಾಡೋದು. ಹಾಗಾಗಿ ನಾನು ಅವಳನ್ನ ಟೀಮಿಂದ ತೆಗೀತಾನೇ ಇರ್ಲಿಲ್ಲ, ಎಲ್ಲರಿಗಿಂತ ಅವಳ ಲೆವೆಲ್ಲೇ ಮೇಲಿತ್ತು. ಮೊದಲ ಡಿಸ್ಕ್ ಕೊನೇಲಿ ಖಳನಾಯಕ ಸೆಫಿರಾತ್ ಮೇಲಿಂದ ಇಳಿದು ಅವಳನ್ನ ಇರಿತಾನೆ, ಅವಳ ತಲೆಕೂದಲಲ್ಲಿ ಸಿಕ್ಕಿಸ್ಕೊಂಡಿದ್ದ ಬಿಳಿ ಮೆಟೀರಿಯಾ ಬಿದ್ದು ಮೆಟ್ಟಿಲು ಮೆಟ್ಟಿಲಾಗಿ ಪುಟೀತಾ ನೀರಿಗೆ ಹೋಗುತ್ತೆ, ಅಲ್ಲಿಂದಲೇ ಅವಳ ರಾಗ ಶುರು ಆಗುತ್ತೆ, ಕೂಡ್ಲೇ ಬಾಸ್ ಫೈಟ್ ಬರುತ್ತೆ, ಆ ಫೈಟ್ ಉದ್ದಕ್ಕೂ ಫೈಟಿನ ಮ್ಯೂಸಿಕ್ ಬರಲ್ಲ, ಅದೇ ಪಿಯಾನೋ ರಾಗ ನಡೀತಾ ಇರುತ್ತೆ. ನೀವು ಬಟನ್ ಒತ್ತಲೇಬೇಕು, ಹೊಡೀಲೇಬೇಕು. ಆಮೇಲೆ ಯಾವಾಗ ಪೆಟ್ಟು ತಿಂದ್ರೂ ಕೈ ತಾನಾಗೇ ಅವಳ ಲಿಮಿಟ್ ಹುಡುಕ್ತಿತ್ತು. ಅಣ್ಣ ನಂಗೆ ಮೊದ್ಲೇ ಹೇಳಿರ್ಲಿಲ್ಲ, ಎದ್ದು ಹೊರಗಡೆ ಜಗಲಿ ಮೇಲೆ ಹೋಗಿ ಕೂತಿದ್ದೆ, ರಾತ್ರಿ ಊಟಕ್ಕೂ ಒಳಗೆ ಬರ್ಲಿಲ್ಲ. ಈ ಸಲ ಗೊತ್ತಿದ್ದೂ ಅವಳನ್ನ ಟೀಮಲ್ಲೇ ಇಟ್ಕೊಂಡಿದ್ದೆ.

ಮೂರನ್ನೂ ಹೋಲಿಸೋಕೆ ನಂಗೆ ಸಿಕ್ಕ ಅಳತೆಗೋಲು ಇದೇ ನೋಡಿ. ಕಥೆ ಚೆನ್ನಾಗಿದ್ಯಾ, ಗ್ರಾಫಿಕ್ಸ್ ಚೆನ್ನಾಗಿದ್ಯಾ ಅನ್ನೋದು ಬಿಡಿ, ಕಥೇಲಿ ಆಗಿದ್ದು ನಮ್ಮ ಕೈಗೆ ತಟ್ಟುತ್ತಾ? ಏಳರಲ್ಲಿ ಒಂದೇ ಸಲ ತಟ್ಟುತ್ತೆ, ಆದ್ರೆ ಅದು ಇಪ್ಪತ್ತು ವರ್ಷ ಆದ್ರೂ ಹೋಗಲ್ಲ.

ಎಂಟರ ಬಗ್ಗೆ ನಂಗೆ ತುಂಬಾ ಆಸೆ ಇತ್ತು, ಯಾಕಂದ್ರೆ ಹದಿಮೂರನೇ ವಯಸ್ಸಲ್ಲಿ ಎಲ್ಲಕ್ಕಿಂತ ಇಷ್ಟ ಆಗಿದ್ದು ಇದೇ. ಮನುಷ್ಯರು ನಿಜವಾದ ಅಳತೆಯಲ್ಲಿ ಇದ್ದಾರೆ, ಮಿಲಿಟರಿ ಥರದ ಕಾಲೇಜು, ಪರೀಕ್ಷೆ ಪಾಸಾದ್ರೆ ಸೀಡ್ ಅನ್ನೋ ಬಾಡಿಗೆ ಸೈನಿಕರ ಪಡೆಗೆ ಸೇರಿಸ್ಕೊಳ್ತಾರೆ, ಸಂಬಳ ಬರುತ್ತೆ, ಮೆನುವಲ್ಲಿ ಲಿಖಿತ ಪರೀಕ್ಷೆ ಬರೆದ್ರೆ ಸಂಬಳ ಏರುತ್ತೆ, ಅದೆಲ್ಲ ಈಗ್ಲೂ ಖುಷಿ ಕೊಡ್ತು. ಪಾಸಾದ ರಾತ್ರಿ ಪಾರ್ಟೀಲಿ ಕಥಾನಾಯಕ ಸ್ಕ್ವಾಲ್ ಒಬ್ಬನೇ ಗೋಡೆಗೆ ಒರಗಿ ನಿಂತಿರ್ತಾನೆ, ರಿನೋವಾ ಅನ್ನೋ ಹುಡುಗಿ ಬಂದು ಕೈ ಹಿಡಿದು ಎಳ್ಕೊಂಡು ಹೋಗಿ ಕುಣಿಸ್ತಾಳೆ, ಅವನಿಗೆ ಹೆಜ್ಜೆ ಬರಲ್ಲ, ಪಕ್ಕದ ಜೋಡಿಗೆ ಡಿಕ್ಕಿ ಹೊಡೀತಾನೆ, ಆಮೇಲೆ ಮೆಲ್ಲಗೆ ತಾಳ ಸಿಗುತ್ತೆ. ಒಂದೇ ಒಂದು ಮಾತಿಲ್ಲದ ಆ ವಿಡಿಯೋ ಮೂರು ಗೇಮಲ್ಲಿ ಅತಿ ಚೆಂದದ ವಿಡಿಯೋ ಅಂತ ನನ್ನ ಲೆಕ್ಕ. ಆಮೇಲೆ ಬಾಹ್ಯಾಕಾಶದ ಹಡಗಲ್ಲಿ ಇಬ್ಬರೂ ಕೂತಿರೋವಾಗ ಫೇ ವಾಂಗ್ ಹಾಡಿದ ಹಾಡು ಬರುತ್ತಲ್ಲ, ಅದೂ ಹಾಗೇ ಇದೆ, ಒಂದು ಎಳೆನೂ ಮಾಸಿಲ್ಲ.

ಆದ್ರೆ ಆಟ ಕಷ್ಟ ಆಯ್ತು. ಮಂತ್ರಗಳನ್ನ ಶತ್ರುಗಳಿಂದಲೇ ಎಳ್ಕೋಬೇಕು, ಡ್ರಾ ಅಂತಾರೆ, ಒಬ್ಬೊಬ್ಬರಿಗೆ ಒಂದೊಂದು ಮಂತ್ರ ನೂರು ನೂರು. ಆ ನೂರನ್ನ ಜಂಕ್ಷನ್ ಮಾಡಿದ್ರೆ, ಅಂದ್ರೆ ನಮಗೆ ಜೋಡಿಸ್ಕೊಂಡ್ರೆ, ನಮ್ಮ ಶಕ್ತಿ ಏರುತ್ತೆ. ಈಗ ನೋಡಿ, ಆ ಮಂತ್ರ ಬಳಸಿದ್ರೆ ನೂರು ತೊಂಬತ್ತೊಂಬತ್ತಾಗುತ್ತೆ, ಶಕ್ತಿ ಇಳಿಯುತ್ತೆ. ಹಾಗಾಗಿ ಮಂತ್ರ ಕೂಡಿಡೋದೇ ಹೊರತು ಬಳಸೋದಿಲ್ಲ, ಮದುವೆಗೆ ಅಂತ ಬೀರುವಲ್ಲಿಟ್ಟ ಸೀರೆ ಥರ. ನಾವು ಲೆವೆಲ್ ಏರಿದ್ರೆ ಶತ್ರುಗಳೂ ಏರ್ತಾರೆ, ಅಂದ್ರೆ ಕಷ್ಟ ಪಟ್ಟು ಫೈಟ್ ಮಾಡಿದ್ದಕ್ಕೆ ಫಲ ಇಲ್ಲ. ಇದನ್ನ ಒಡೆಯೋ ದಾರಿ ಇದೆ, ಟ್ರಿಪಲ್ ಟ್ರಯಾಡ್ ಅನ್ನೋ ಇಸ್ಪೀಟಿನ ಥರದ ಆಟ ಆಡಿ ಕಾರ್ಡ್ ಗೆದ್ದು, ಆ ಕಾರ್ಡನ್ನ ಸಾಮಾನು ಮಾಡಿ, ಸಾಮಾನನ್ನ ಮಂತ್ರ ಮಾಡ್ಕೊಂಡ್ರೆ ಮೊದಲ ಡಿಸ್ಕಲ್ಲೇ ಯಾರೂ ಮುಟ್ಟೋಕಾಗಲ್ಲ ನಿಮ್ಮನ್ನ. ಆ ಕಾರ್ಡ್ ಆಟ ಅಷ್ಟು ಚೆನ್ನಾಗಿದೆ ಅಂದ್ರೆ ನಾನು ಒಂದು ಭಾನುವಾರ ಪೂರ್ತಿ ಕಥೆ ಮುಂದೆ ಹೋಗ್ದೆ ಕಾಲೇಜಿನ ಕಾರಿಡಾರಲ್ಲಿ ಕಾರ್ಡೇ ಆಡಿದ್ದೀನಿ. ಒಂಬತ್ತರಲ್ಲಿರೋ ಟೆಟ್ರಾ ಮಾಸ್ಟರ್ ಇದರ ಕಾಲ ಧೂಳಿಗೂ ಸಮ ಇಲ್ಲ, ಅದರ ರೂಲ್ಸೇ ಅರ್ಥ ಆಗಲ್ಲ.

ನನ್ನ ಅಳತೆಗೋಲಿಗೆ ಬರೋಣ. ಎಂಟರ ಕಥೇಲಿ ಒಂದು ಅದ್ಭುತ ಯೋಚನೆ ಇದೆ. ಶಿವ, ಇಫ್ರಿತ್ ಥರ ಫೈಟಲ್ಲಿ ಕರೆಯೋ ಗಾರ್ಡಿಯನ್‌ಗಳನ್ನ ಜಂಕ್ಷನ್ ಮಾಡ್ಕೊಂಡ್ರೆ ಮನುಷ್ಯರ ನೆನಪು ಅಳಿಸಿಹೋಗುತ್ತೆ. ಟ್ರಾಬಿಯಾ ಅನ್ನೋ ಇನ್ನೊಂದು ಕಾಲೇಜಿನ ಒಡೆದ ಬಾಸ್ಕೆಟ್‌ಬಾಲ್ ಕೋರ್ಟಲ್ಲಿ ಟೀಮಿನ ಅರ್ವೈನ್ ಹೇಳ್ತಾನೆ, ನಾವೆಲ್ಲ ಒಂದೇ ಅನಾಥಾಶ್ರಮದಲ್ಲಿ ಬೆಳೆದೋರು, ನಿಮಗ್ಯಾರಿಗೂ ನೆನಪಿಲ್ಲ ಅಂತ. ಅಲ್ಲಿವರೆಗೆ ಮೂವತ್ತು ಗಂಟೆ ನಾನೇ ಅಲ್ವಾ ಅದನ್ನ ಅವರಿಗೆ ಜಂಕ್ಷನ್ ಮಾಡ್ತಾ ಬಂದಿದ್ದು. ಎದೆ ಝಲ್ ಅಂತು. ಆದ್ರೆ ಅಷ್ಟೇ, ಆಮೇಲೆ ಮೆನು ತೆಗೆದ್ರೆ ಎಲ್ಲ ಹಾಗೇ ಇದೆ, ಮತ್ತೆ ಅದೇ ಗಾರ್ಡಿಯನ್, ಅದೇ ಜಂಕ್ಷನ್, ಏನೂ ಕಳ್ಕೊಳ್ಳಲ್ಲ. ಇಷ್ಟು ದೊಡ್ಡ ಮಾತು ಹೇಳಿ ಕೈ ಬಿಟ್ಬಿಟ್ರಲ್ಲ ಅಂತ ಬೇಜಾರಾಯ್ತು, ಈಗ್ಲೂ ಬೇಜಾರಿದೆ.

ಒಂಬತ್ತು ನಾನು ಚಿಕ್ಕೋನಿದ್ದಾಗ ಮುಗಿಸೇ ಇರ್ಲಿಲ್ಲ. ಮೂರನೇ ಡಿಸ್ಕಲ್ಲಿ ಗೀರು ಬಿದ್ದಿತ್ತು. ಅಲೆಕ್ಸಾಂಡ್ರಿಯಾ ಊರಿನ ಮೇಲೆ ಬಹಮುತ್ ಅನ್ನೋ ಡ್ರ್ಯಾಗನ್ ಬಂದು ಬೆಂಕಿ ಉಗುಳುತ್ತೆ, ರಾಣಿಯಾಗಿರೋ ಗಾರ್ನೆಟ್ ಒಬ್ಬಳೇ ಅರಮನೆ ತುದಿಗೆ ಹತ್ತಿ ಹೋಗ್ತಾಳೆ, ಪುಟ್ಟ ಏಕೋ ಓಡಿ ಬಂದು ಅವಳ ಪಕ್ಕ ನಿಲ್ತಾಳೆ, ಅಲ್ಲಿ ವಿಡಿಯೋ ನಿಂತುಹೋಗ್ತಿತ್ತು. ಡಿಸ್ಕನ್ನ ಬನಿಯನ್ ಬಟ್ಟೇಲಿ ಒರೆಸಿ, ಟೂತ್‌ಪೇಸ್ಟ್ ಹಚ್ಚಿ, ಪ್ಲೇಸ್ಟೇಷನ್ನನ್ನೇ ತಲೆಕೆಳಗಾಗಿ ಇಟ್ಟು, ಎಲ್ಲ ಮಾಡಿದ್ವಿ, ಊಹೂಂ. 2016ರಲ್ಲಿ ಫೋನಿಗೆ ಬಂದಾಗ ಕೊಂಡ್ಕೊಂಡೆ, ಆದ್ರೆ ಕೂತು ಆಡಿದ್ದು ಹೋದ ವರ್ಷವೇ. ಅಂದ್ರೆ ಗಾರ್ನೆಟ್ ಆ ತುದಿ ಮೇಲೆ ಇಪ್ಪತ್ತು ವರ್ಷಕ್ಕೂ ಜಾಸ್ತಿ ನಿಂತೇ ಇದ್ಳು ನನ್ನ ಪಾಲಿಗೆ. ಈ ಸಲ ವಿಡಿಯೋ ನಿಲ್ಲದೆ ಮುಂದಕ್ಕೆ ಹೋಯ್ತು, ಇಬ್ಬರೂ ಸೇರಿ ಕರೆದ ಅಲೆಕ್ಸಾಂಡರ್ ಅನ್ನೋ ಕಾವಲು ದೈವ ಬಂದು ಬೆಳ್ಳಗೆ ರೆಕ್ಕೆ ಬಿಚ್ಚಿ ಊರಿಗೆ ಊರನ್ನೇ ಮುಚ್ಚಿಕೊಳ್ತು, ರಾತ್ರಿ ಒಂದೂವರೆ ಗಂಟೆ, ಇಯರ್‌ಫೋನ್ ಹಾಕ್ಕೊಂಡು ಹಾಸಿಗೆ ಮೇಲೆ ಎದ್ದು ಕೂತ್ಬಿಟ್ಟೆ.

ಒಂಬತ್ತು ಬೇಕಂತಲೇ ಹಳೇ ದಾರಿಗೆ ವಾಪಸ್ ಹೋಗಿದ್ದು. ಕೋಟೆ, ರಾಣಿ, ಚೂಪು ಟೋಪಿಯ ಮಂತ್ರಗಾರ, ನಾಲ್ಕು ಜನರ ಪಾರ್ಟಿ (ಏಳು ಎಂಟರಲ್ಲಿ ಮೂರೇ ಜನ). ಸಕಾಗುಚಿಗೂ ಸ್ವತಃ ಇದೇ ಇಷ್ಟ ಅಂತ ಹೇಳಿದ್ದಾರೆ. ಇಲ್ಲಿ ಒಬ್ಬೊಬ್ಬರಿಗೆ ಒಂದೊಂದೇ ಕಸುಬು. ಜಿಡೇನ್ ಕದೀತಾನೆ, ಫ್ರೇಯಾ ನೆಗೀತಾಳೆ, ಕ್ವೀನಾ ಶತ್ರುಗಳನ್ನ ತಿಂದು ವಿದ್ಯೆ ಕಲಿಯುತ್ತೆ. ಹೊಸ ವಿದ್ಯೆ ಹಾಕ್ಕೊಂಡಿರೋ ಟೋಪಿ, ಕತ್ತಿ, ಉಂಗುರದಲ್ಲಿರುತ್ತೆ, ಅದನ್ನ ಹಾಕ್ಕೊಂಡು ಫೈಟ್ ಮಾಡ್ತಾ ಮಾಡ್ತಾ ಪಾಯಿಂಟ್ ತುಂಬಿದ್ರೆ ವಿದ್ಯೆ ಶಾಶ್ವತ ನಿಮ್ಮದು, ಆಮೇಲೆ ಟೋಪಿ ತೆಗೆದ್ರೂ ಹೋಗಲ್ಲ. ಕವಚ ತೊಟ್ಟ ಯೋಧ ಸ್ಟೈನರ್, ಟೀಮಲ್ಲಿ ಆ ಮಂತ್ರಗಾರ ಹುಡುಗ ವಿವಿ ಇದ್ರೆ ಮಾತ್ರ ತನ್ನ ಕತ್ತಿಗೆ ವಿವಿಯ ಬೆಂಕಿ ಹಚ್ಕೊಂಡು ಹೊಡೀತಾನೆ. ಯಾರ ಮಾತೂ ಕೇಳದ ಆ ಸಿಡುಕ ಸ್ಟೈನರ್ ಪುಟ್ಟ ಹುಡುಗನ್ನ ಮಾಸ್ಟರ್ ವಿವಿ ಅಂತ ಮರ್ಯಾದೆ ಕೊಟ್ಟು ಕರೀತಾನೆ. ವಿವಿ ಟೀಮಿಂದ ಹೋದ ದಿನ ಸ್ಟೈನರ್ ಮೆನುವಲ್ಲಿ ಆ ಸಾಲು ಬಳಸೋಕಾಗಲ್ಲ, ಸ್ನೇಹಿತ ಊರಲ್ಲಿಲ್ಲ ಅನ್ನೋದು ಹಾಗೇ ಕೈಗೆ ಗೊತ್ತಾಗುತ್ತೆ.

ವಿವಿ ಬಗ್ಗೆ ಬರೆಯೋಕೆ ಹೋದ್ರೆ ಮುಗಿಯಲ್ಲ. ಕಪ್ಪು ಮಂತ್ರಗಾರರ ಹಳ್ಳಿ ಅಂತ ಒಂದು ಬರುತ್ತೆ, ಕಾಡಿನ ಮಧ್ಯೆ, ಅಲ್ಲಿರೋರೆಲ್ಲ ವಿವಿ ಥರದೋರೇ, ಯುದ್ಧಕ್ಕೆ ಅಂತ ಕಾರ್ಖಾನೇಲಿ ತಯಾರಾಗಿ ತಪ್ಪಿಸ್ಕೊಂಡು ಬಂದೋರು, ಆಯಸ್ಸು ತೀರಾ ಕಮ್ಮಿ. ಸಾವು ಅನ್ನೋ ಪದ ಅವರಿಗೆ ಗೊತ್ತಿಲ್ಲ, "ನಿಂತುಹೋದ" ಅಂತಾರೆ. ಸ್ಮಶಾನದಲ್ಲಿ ಒಬ್ಬ ಕೂತಿರ್ತಾನೆ, ಗೆಳೆಯನ್ನ ಮಣ್ಣಲ್ಲಿ ಇಟ್ಟಿದ್ದೀವಿ, ಎದ್ದು ಬಂದ್ಮೇಲೆ ಕೊಳದಲ್ಲಿ ತೊಳೀಬೇಕು ಅಂತಾನೆ. ವಿವಿ ಸುಮ್ನೆ ಕೇಳ್ತಾ ನಿಂತಿರ್ತಾನೆ, ಮುಖದಲ್ಲಿ ಎರಡು ಹಳದಿ ಕಣ್ಣು ಬಿಟ್ರೆ ಏನೂ ಇಲ್ಲ ಅವನಿಗೆ, ಆದ್ರೂ ಎಲ್ಲ ಗೊತ್ತಾಗುತ್ತೆ.

ಒಂಬತ್ತರ ತಪ್ಪುಗಳೂ ಇವೆ. ಫೈಟ್ ನಿಧಾನ, ಕ್ಯಾಮೆರಾ ಸುತ್ತ ತಿರುಗಿ ಬರೋ ಹೊತ್ತಿಗೆ ಏಳರಲ್ಲಿ ಫೈಟೇ ಮುಗಿದಿರುತ್ತೆ. ಟ್ರಾನ್ಸ್ ಅನ್ನೋ ವಿಶೇಷ ಶಕ್ತಿನ ಏಳರ ಲಿಮಿಟ್ ಥರ ಹಿಡಿದಿಟ್ಕೊಳ್ಳೋಕಾಗಲ್ಲ, ತುಂಬಿದ ತಕ್ಷಣ ಹೊತ್ಕೊಳುತ್ತೆ, ಎಷ್ಟೋ ಸಲ ಸಾಯೋ ಹುಳದ ಮುಂದೆ ದಂಡವಾಗಿ ಹೋಗಿದೆ. ಈಗಿನ ವರ್ಷನ್ನುಗಳಲ್ಲಿ ಮೂರಕ್ಕೂ ಸ್ಪೀಡ್ ಹೆಚ್ಚಿಸೋದು, ದಾರೀಲಿ ಫೈಟ್ ಬರದ ಹಾಗೆ ಮಾಡೋದು ಇದೆ, ಒಂಬತ್ತಕ್ಕೆ ಸ್ಪೀಡ್ ಬಳಸಿ, ತಪ್ಪೇನಿಲ್ಲ. ಚಿತ್ರ ಮಾತ್ರ ಮೂರರಲ್ಲೂ ಒಂದೇ ಸಮಸ್ಯೆ, ಮನುಷ್ಯರು ಚೊಕ್ಕ, ಹಿನ್ನೆಲೆ ಮಸುಕು. ಏಳಕ್ಕೆ 2020ರಲ್ಲಿ, 2024ರಲ್ಲಿ ಹೊಸದಾಗಿ ಮಾಡಿದ ಭಾಗಗಳು ಬಂದಿವೆ, ಕಣ್ಣಿಗೆ ಹಬ್ಬ, ಆದ್ರೆ ಮೊದಲ ಸಲಕ್ಕೆ 1997ರದೇ ಆಡಿ ಅಂತೀನಿ.

ಇನ್ನು ನನ್ನ ಅಳತೆ. ಅಲೆಕ್ಸಾಂಡ್ರಿಯಾ ಸುಟ್ಟು ಬೂದಿ ಆದ್ಮೇಲೆ ಗಾರ್ನೆಟ್‌ಗೆ ಮಾತೇ ನಿಂತುಹೋಗುತ್ತೆ. ಕಥೇಲಿ ಮಾತ್ರ ಅಲ್ಲ. ಫೈಟಲ್ಲಿ ಅವಳಿಗೆ ವಾಸಿ ಮಾಡು ಅಂತ ಆರ್ಡರ್ ಕೊಟ್ರೆ ಒಂದೊಂದ್ಸಲ ಮಾಡೋದೇ ಇಲ್ಲ, ಮನಸ್ಸು ನಿಲ್ತಿಲ್ಲ ಅಂತ ಒಂದು ಸಾಲು ಬಂದು ಅವಳ ಸರದಿ ವ್ಯರ್ಥವಾಗಿ ಹೋಗುತ್ತೆ. ಗಂಟೆಗಟ್ಟಲೆ ಹೀಗೇ. ಅವಳು ತಾನಾಗೇ ಚೇತರಿಸ್ಕೊಂಡು, ಕಠಾರಿ ತಗೊಂಡು ತನ್ನ ಉದ್ದ ಕೂದಲನ್ನ ಕತ್ತರಿಸಿ ಗಾಳಿಗೆ ಬಿಡೋ ತನಕ. ಏಳು ಒಂದೇ ಏಟಲ್ಲಿ ಹೊಡೀತು, ಎಂಟು ಹೇಳಿ ಸುಮ್ನಾಯ್ತು, ಒಂಬತ್ತು ದುಃಖದ ಜೊತೆ ಕೂತ್ಕೊಳ್ಳೋದು ಹೇಗೆ ಅಂತ ಕೈ ಹಿಡಿದು ತೋರಿಸ್ತು. ಹಾಗಾಗಿ ಮಗೂಗೆ ಒಂಬತ್ತೇ ಕೊಟ್ಟೆ.

ಹೋದ ವಾರ ಶಾಲೆಯಿಂದ ಬಂದೋಳೇ ಫೋನ್ ಮಾಡಿದ್ಳು. "ಮಾಮ, ಗೇಮ್ ಹಾಳಾಗಿದೆ ಅನ್ಸುತ್ತೆ, ಗಾರ್ನೆಟ್ ನಾನು ಹೇಳಿದ್ದು ಮಾಡ್ತಾನೇ ಇಲ್ಲ."

"ಹಾಳಾಗಿಲ್ಲ ಪುಟ್ಟಿ. ಅವಳನ್ನ ಟೀಮಿಂದ ತೆಗೀಬೇಡ, ಅಷ್ಟೇ."

ಸ್ವಲ್ಪ ಹೊತ್ತು ಸುಮ್ನಿದ್ದು, "ಸರಿ, ಹಂಗಾದ್ರೆ ಗಾಯಕ್ಕೆ ಪೋಷನ್ ನಾನೇ ಜಾಸ್ತಿ ತಗೊಂಡು ಹೋಗ್ತೀನಿ" ಅಂದ್ಳು.