ಗ್ಲಾಕೋಮಾ ಇದ್ದು ಬಿಪಿ ಮಾತ್ರೆಯನ್ನೂ ತೆಗೆದುಕೊಳ್ಳುವವರಿಗೆ 24 ಗಂಟೆಯ ಬಿಪಿ ಪರೀಕ್ಷೆ ಬೇಕೇ?

ಗ್ಲಾಕೋಮಾಗೆ (ಕಣ್ಣಿನ ನರ ಹಾಳಾಗುವ ಕಾಯಿಲೆ) ಡ್ರಾಪ್ಸ್ ಹಾಕಿ ಕಣ್ಣಿನ ಒತ್ತಡ 14–15ಕ್ಕೆ ನಿಂತಿದೆ, ಆದರೂ ಫೀಲ್ಡ್ ಟೆಸ್ಟ್ (ಸುತ್ತಲಿನ ದೃಷ್ಟಿ ಎಷ್ಟು ಉಳಿದಿದೆ ಎಂದು ನೋಡುವ ಪರೀಕ್ಷೆ) ಸಲದಿಂದ ಸಲಕ್ಕೆ ಕೆಡುತ್ತಿದೆ. ಜೊತೆಗೆ ಮಲಗುವ ಮುಂಚೆ ಬಿಪಿ ಮಾತ್ರೆಯೂ ಇದೆ. ಅಂಥವರು ಹೃದಯ ತಜ್ಞರ ಕ್ಲಿನಿಕ್‌ಗಳಲ್ಲಿ ಸಿಗುವ 24 ಗಂಟೆಯ ಬಿಪಿ ಪರೀಕ್ಷೆಯನ್ನು (ಎಬಿಪಿಎಂ) ಮಾಡಿಸಲೇಬೇಕು ಎನ್ನುವುದು ನಮ್ಮ ಅಭಿಪ್ರಾಯ. ಮನೆಯಲ್ಲಿರುವ ಸಾಮಾನ್ಯ ಮೆಷಿನ್ ಎಷ್ಟೇ ಒಳ್ಳೆಯದಿರಲಿ, ಬೆಳಗಿನ ಜಾವ 3 ಗಂಟೆಯ ಬಿಪಿ ಅದರಲ್ಲಿ ಸಿಗುವುದಿಲ್ಲ.

ಬಿಪಿ ಏರಿದರೆ ಕಣ್ಣಿನ ಒತ್ತಡವೂ ಏರುತ್ತದೆ ನಿಜ, ಆದರೆ ತೀರಾ ಅಲ್ಪ. ಗ್ಲಾಕೋಮಾ ಇರುವವರಿಗೆ ದೊಡ್ಡ ಚಿಂತೆ ರಾತ್ರಿ ಬಿಪಿ ಅತಿಯಾಗಿ ಇಳಿಯುವುದು. ಕಣ್ಣಿನ ನರಕ್ಕೆ ರಕ್ತ ತಲುಪಬೇಕಾದರೆ ಕಣ್ಣೊಳಗಿನ ಒತ್ತಡವನ್ನು ರಕ್ತದ ಒತ್ತಡ ಮೀರಬೇಕು. ಕೆಳಗಿನ ಬಿಪಿಯಲ್ಲಿ (120/80 ಎಂದರೆ 80) ಕಣ್ಣಿನ ಒತ್ತಡ ಕಳೆದರೆ ಒಂದು ಅಂದಾಜು ಸಿಗುತ್ತದೆ. ಹಗಲು 80ರಲ್ಲಿ 16 ಕಳೆದರೆ 64. ನಿದ್ದೆಯಲ್ಲಿ ಕೆಳಗಿನ ಬಿಪಿ 48ಕ್ಕೆ ಇಳಿದು, ಮಲಗಿದ ಕಾರಣ ಕಣ್ಣಿನ ಒತ್ತಡ 19ಕ್ಕೆ ಏರಿದರೆ ಉಳಿಯುವುದು ಬರೀ 29. ಅಮೆರಿಕದ ಬಾಲ್ಟಿಮೋರ್ ಸಮೀಕ್ಷೆಯಲ್ಲಿ (1995) ಈ ವ್ಯತ್ಯಾಸ 30ಕ್ಕಿಂತ ಕಡಿಮೆ ಇದ್ದವರಲ್ಲಿ ಗ್ಲಾಕೋಮಾ ಸುಮಾರು ಆರು ಪಟ್ಟು ಹೆಚ್ಚು ಕಂಡಿತ್ತು.

ಪರೀಕ್ಷೆ ಸರಳ. ತೋಳಿಗೆ ಪಟ್ಟಿ, ಸೊಂಟಕ್ಕೆ ಚಿಕ್ಕ ಮೆಷಿನ್. ಹಗಲು 15–30 ನಿಮಿಷಕ್ಕೊಮ್ಮೆ, ರಾತ್ರಿ ಸಾಮಾನ್ಯವಾಗಿ 30 ನಿಮಿಷಕ್ಕೊಮ್ಮೆ ಅದು ತಾನೇ ಅಳೆಯುತ್ತದೆ. ಆ ಹೊತ್ತಿಗೆ ಕೈ ಅಲುಗಾಡಿಸಬಾರದು. ಮೆಷಿನ್ ವಾಪಸ್ ಕೊಡುವ ತನಕ ಸ್ನಾನವಿಲ್ಲ. ಹಗಲಿನ ಕನಿಷ್ಠ 20, ನಿದ್ದೆಯ ಕನಿಷ್ಠ 7 ಸರಿಯಾದ ರೀಡಿಂಗ್ ಇಲ್ಲದ ರಿಪೋರ್ಟನ್ನು ನಂಬಬೇಡಿ.

ಸೇವೆ ಸೋಲುವುದು ಸಣ್ಣ ವಿಷಯಗಳಲ್ಲಿ. ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಅಳೆಯದೆ ಕೈಗೆ ಸಿಕ್ಕ ಪಟ್ಟಿ ಸುತ್ತುತ್ತಾರೆ. ಪಟ್ಟಿ ಚಿಕ್ಕದಾದರೆ ಬಿಪಿ ಹೆಚ್ಚು ತೋರಿಸುತ್ತದೆ. ನಿದ್ದೆಯ ಸಮಯ ಕೇಳದೆ ರಾತ್ರಿ 10ರಿಂದ ಬೆಳಿಗ್ಗೆ 6 ಎಂದು ಹಾಕಿಬಿಟ್ಟರೆ ಹಗಲು-ರಾತ್ರಿಯ ಲೆಕ್ಕವೇ ತಪ್ಪುತ್ತದೆ. ಮಲಗಿದ್ದು, ಎದ್ದದ್ದು, ಮಾತ್ರೆ ಮತ್ತು ಡ್ರಾಪ್ಸ್ ತೆಗೆದುಕೊಂಡದ್ದು, ಎಲ್ಲದರ ಸಮಯವನ್ನೂ ನೀವೇ ಚೀಟಿಯಲ್ಲಿ ಬರೆದು ಕೊಡಿ. ಇನ್ನೊಂದನ್ನು ಹೆಚ್ಚಿನವರು ಹೇಳುವುದೇ ಇಲ್ಲ: ಎಡತೋಳಿಗೆ ಪಟ್ಟಿ ಇದ್ದಾಗ ಬಲಮಗ್ಗುಲಾಗಿ ಮಲಗಿದರೆ ಆ ತೋಳು ಹೃದಯಕ್ಕಿಂತ ಮೇಲಿರುತ್ತದೆ. 15 ಸೆಂ.ಮೀ. ಎತ್ತರಕ್ಕೆ ಸುಮಾರು 11 ಅಂಕ ಸುಳ್ಳೇ ಕಡಿಮೆ ಬರುತ್ತದೆ. ಆದಷ್ಟು ಅಂಗಾತ ಮಲಗಿ.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದದ್ದು ರಾತ್ರಿಯ ಇಳಿತ. ಹಗಲಿಗಿಂತ 10–20% ಇಳಿದರೆ ಸಹಜ, 20% ಮೀರಿದರೆ ಅತಿ. ಹೃದಯ ತಜ್ಞರು ಇದನ್ನು "ಬಿಪಿ ಕಂಟ್ರೋಲ್‌ನಲ್ಲಿದೆ" ಎಂದು ಓದಬಹುದು. ಆದ್ದರಿಂದ ಕಣ್ಣಿನ ವೈದ್ಯರಿಗೂ ತೋರಿಸಿ. ಪಟ್ಟಿ ಉಬ್ಬುವಾಗ ಎಚ್ಚರವಾಗಿ ನಿದ್ದೆ ಕೆಟ್ಟಿದ್ದರೆ ಇಳಿತ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ, ಅದನ್ನೂ ಹೇಳಿ.

ಅತಿಯಾಗಿ ಇಳಿದಿದ್ದರೆ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ನೀವಾಗಿ ನಿಲ್ಲಿಸಬೇಡಿ, ಪಾರ್ಶ್ವವಾಯುವಿನ ಅಪಾಯವಿದೆ. ರಾತ್ರಿ ಹಾಕುವ ಟಿಮೊಲಾಲ್ ಡ್ರಾಪ್ಸ್ ಬಗ್ಗೆಯೂ ಕೇಳಿ: ಅದು ರಕ್ತಕ್ಕೆ ಸೇರಿ ನಾಡಿಯನ್ನೂ ಬಿಪಿಯನ್ನೂ ಇಳಿಸಬಲ್ಲದು, ನಿದ್ದೆಯಲ್ಲಿ ಕಣ್ಣಿನ ಒತ್ತಡದ ಮೇಲೆ ಅದರ ಪರಿಣಾಮ ಕಡಿಮೆ.

ಫೀಲ್ಡ್ ಟೆಸ್ಟ್ ವರ್ಷಗಳಿಂದ ಹಾಗೆಯೇ ಇದ್ದು, ಮಾತ್ರೆ ಬೆಳಿಗ್ಗೆಯೇ ಇದ್ದರೆ ಕಣ್ಣಿಗೋಸ್ಕರ ಈ ಪರೀಕ್ಷೆಗೆ ಸದ್ಯ ದುಡ್ಡು ಹಾಕಬೇಕಿಲ್ಲ.